ಹೊಸ ನೀರಿಗೆ ಮೂರು ಕೂಗು

ಬೇಸಿಗೆಯಲ್ಲಿ ನಾವು ಹಾಕಿದ ರೇಡಿಯೋ ಲಿಂಕ್ ಒಮ್ಮೆಯೂ ತಪ್ಪಲಿಲ್ಲ. ನದಿಯಲ್ಲಿ ನೀರೇ ಇಲ್ಲದಾಗ ನೀರಿನ ಎಚ್ಚರಿಕೆ ಕೊಡುವ ಯಂತ್ರ ಚೆನ್ನಾಗಿ ನಡೆಯುವುದರಲ್ಲಿ ದೊಡ್ಡಸ್ತಿಕೆ ಏನೂ ಇಲ್ಲ. ಆದರೂ ನಮ್ಮ ಕಂಪನಿಯ ಮುಖ್ಯಸ್ಥರು ಬೆಂಗಳೂರಿನಿಂದ ಬಂದು, ಗುಡ್ಡದ ಮೇಲೆ ಆಂಟೆನಾದ ಪಕ್ಕದಲ್ಲಿ ನಿಂತು ಫೋಟೋ ತೆಗೆಸಿಕೊಂಡು ಹೋದರು. ಆ ಫೋಟೋದಲ್ಲಿ ನಾನಿಲ್ಲ, ತೆಗೆದವಳು ನಾನೇ.

ಕೆಲಸ ಇಷ್ಟು. ಮೇಲಿನ ಜಲಾಶಯದಿಂದ ಕೃಷ್ಣೆಗೆ ನೀರು ಬಿಟ್ಟಾಗ ಸುರಪುರ ತಾಲ್ಲೂಕಿನ ನದಿದಂಡೆಯ ಜನಕ್ಕೆ ನೀರಿಗಿಂತ ಮೊದಲು ಸುದ್ದಿ ಮುಟ್ಟಬೇಕು. ಮಳೆಗಾಲದಲ್ಲಿ ಮೊಬೈಲ್ ನಂಬಿ ಕೂರುವಂತಿಲ್ಲ. ಹೀಗಾಗಿ ಸುರಪುರದ ಕಂಟ್ರೋಲ್ ರೂಮಿನಿಂದ ದೇವಾಪುರದ ಆಚೆಯ ಒಂದು ಗುಡ್ಡಕ್ಕೆ, ಆ ಗುಡ್ಡದಿಂದ ನದಿಯ ನಡುವಿನ ಗಡ್ಡಿಗೆ ರೇಡಿಯೋ ಸಂಪರ್ಕ ಹಾಕಿದ್ದೆವು. ಗಡ್ಡಿ ಎಂದರೆ ನದಿ ಎರಡು ಸೀಳಾಗಿ ಹರಿಯುವ ಕಡೆ ನಡುವೆ ಉಳಿದ ನೆಲ. ಅಲ್ಲಿ ಕೆಲವೇ ಮನೆಗಳು, ಒಂದಿಷ್ಟು ಹೊಲ, ಒಂದು ದಿಬ್ಬ, ದಂಡೆಯಲ್ಲಿ ಬೋರಲು ಹಾಕಿದ ಹರಗೋಲುಗಳು. ನಾವು ನೆಟ್ಟ ಕಂಬದ ತುದಿಯಲ್ಲಿ ಸೈರನ್ನೂ ಇತ್ತು, ಧ್ವನಿವರ್ಧಕವೂ ಇತ್ತು. ಗಡ್ಡಿಯವರು ಎರಡಕ್ಕೂ ಸೇರಿಸಿ ಭೋಂಗಾ ಎಂದರು. ಸ್ವಲ್ಪ ದಿನಕ್ಕೆ ನಾನೂ ಹಾಗೆಯೇ ಅನ್ನತೊಡಗಿದೆ.

ಕಂಬದ ಪೆಟ್ಟಿಗೆಯ ಕೀಲಿ ಗಡ್ಡಿಯ ಒಬ್ಬ ಹೆಣ್ಣುಮಗಳ ಕೈಯಲ್ಲಿತ್ತು. ಸೋಲಾರ್ ಫಲಕ ಒರೆಸುವುದು, ಪೆಟ್ಟಿಗೆಯೊಳಗೆ ಇರುವೆ ಗೂಡು ಕಟ್ಟದಂತೆ ನೋಡಿಕೊಳ್ಳುವುದು ಅವಳ ಪಾಲಿನ ಕೆಲಸ. ಗಂಡ ಮೀನು ಹಿಡಿಯುವವ. ಮನೆಯಲ್ಲಿ ಅತ್ತೆ ಇದ್ದಳು, ಕಿವಿ ಪೂರಾ ಮಂದ. ಮೊದಲ ಸಲ ಭೋಂಗಾ ಕೂಗಿಸಿ ನೋಡಿದಾಗ ಗಡ್ಡಿಯ ನಾಯಿಗಳೆಲ್ಲ ದಿಕ್ಕಾಪಾಲಾದವು. ಮುದುಕಿ ಮಾತ್ರ ಕಂಬದ ಬುಡದಲ್ಲೇ ಕುಳಿತು ಜೋಳ ಹಸನು ಮಾಡುತ್ತ, "ಯಾವಾಗ ಚಾಲೂ ಮಾಡ್ತಿ ಯವ್ವಾ?" ಎಂದು ನನ್ನನ್ನು ಕೇಳಿದಳು. ಎಲ್ಲರೂ ನಕ್ಕರು, ಯಾಕೆಂದು ತಿಳಿಯದಿದ್ದರೂ ಅವಳೂ ನಕ್ಕಳು.

ಅದೇ ದಿನ ಆ ಹೆಣ್ಣುಮಗಳಿಗೆ ನಿಯಮ ಹೇಳಿಕೊಡಲು ಹೋಗಿ ನಾನೇ ಪಾಠ ಕಲಿತೆ.

"ಭೋಂಗಾ ಕೂಗಿದ್ ಕೂಡ್ಲೇ ಎಲ್ಲಾರೂ ನೀರಾಗಿಂದ ಹೊರಗ ಬರಬೇಕು," ಎಂದೆ.

"ಹಂಗ್ ಆಗಂಗಿಲ್ರೀ ಬಾಯಾರ. ಹೊಸ ನೀರ ಬಂದಾಗೇ ಮೀನ ಏರತಾವ. ಅವಾಗ ಬಲೀ ಬಿಡಲಿಲ್ಲಂದ್ರ ಮತ್ತ್ಯಾವಾಗ ಬಿಡಾದು?"

"ಹಂಗಾದ್ರ ಭೋಂಗಾ ಯಾಕ ಬೇಕು ನಿಮಗ?"

"ಎಷ್ಟ್ ಬಿಟ್ಟಾರ ಅನ್ನಾದ್ ಹೇಳ್ಲಿ. ಜರಾ ಬಿಟ್ಟಿದ್ರ ಇವ್ರು ಹೋಗ್ತಾರ, ಭಾಳ ಬಿಟ್ಟಿದ್ರ ಬರ್ತಾರ. ಅದೊಂದ್ ಹೇಳಿದ್ರ ಸಾಕು ನೋಡ್ರಿ."

ನಾವು ಅಪಾಯದ ಗಂಟೆ ಕಟ್ಟಿದ್ದೇವೆ ಎಂದುಕೊಂಡಿದ್ದೆವು. ಅವರಿಗೆ ಅದು ಮೀನಿನ ಸುದ್ದಿಯೂ ಆಗಿತ್ತು. ಕಂಟ್ರೋಲ್ ರೂಮಿನವರು ಮೈಕಿನಲ್ಲಿ ಹೇಳುವ ಮಾತಿನಲ್ಲಿ ನೀರು ಎಷ್ಟು ಎಂಬ ಒಂದೇ ಒಂದು ಅಂಶ ತಲುಪದೆ ಹೋದರೆ, ಅವಳ ಗಂಡ ಅಂದಾಜಿನ ಮೇಲೆ ಹೊಳೆಗೆ ಇಳಿಯುತ್ತಾನೆ. ಆವತ್ತಿನಿಂದ ನನ್ನ ಕೆಲಸದ ಅರ್ಥ ಅಷ್ಟೇ ಆಯಿತು.

ಗುಡ್ಡದ ಮೇಲಿನ ಆಂಟೆನಾ ಹೊಸ ಬಗೆಯದು. ನೋಡಲು ಹಿಟ್ಟು ನಾದುವ ಪರಾತದಷ್ಟು ಅಗಲದ ಬಿಳಿ ಚೌಕ. ಅದು ತಿರುಗುವುದಿಲ್ಲ. ಒಳಗೆ ಸಾಲು ಸಾಲು ಪುಟ್ಟ ಸ್ವಿಚ್ಚುಗಳಿವೆ. ಯಾವುದನ್ನು ತೆರೆದು ಯಾವುದನ್ನು ಮುಚ್ಚುತ್ತದೆ ಎಂಬುದರ ಮೇಲೆ ಅದರ ಕಿರಣ ಎಡಕ್ಕೆ, ಬಲಕ್ಕೆ, ಮೇಲಕ್ಕೆ, ಕೆಳಕ್ಕೆ ಹೊರಳುತ್ತದೆ. ಯಾವ ದಿಕ್ಕಿನಲ್ಲಿ ಸಿಗ್ನಲ್ ಜೋರಾಗಿದೆ ಎಂದು ತಾನೇ ಹುಡುಕಿ ಅತ್ತ ಮುಖ ಮಾಡುತ್ತದೆ. ಜೊತೆಗಿನ ರೇಡಿಯೋ ಕೂಡ ಅಂಥದೇ. ದಾರಿ ಚೆನ್ನಾಗಿದ್ದರೆ ವೇಗವಾಗಿ ಕಳಿಸುತ್ತದೆ, ಕೆಟ್ಟಿದ್ದರೆ ನಿಧಾನವಾಗಿ, ಹೇಳಿದ್ದನ್ನೇ ಮತ್ತೆ ಮತ್ತೆ ಹೇಳಿ ಕಳಿಸುತ್ತದೆ. ದಾರಿ ಹೇಗಿದೆ ಎಂಬ ವರದಿಯನ್ನು ಗಡ್ಡಿಯ ಕಡೆಯ ರೇಡಿಯೋ ಹಿಂದಕ್ಕೆ ಒಪ್ಪಿಸುತ್ತಲೇ ಇರುತ್ತದೆ. ಕೇಳಲಿಕ್ಕೆ ಇದಕ್ಕಿಂತ ಜಾಣ ಏರ್ಪಾಡು ಇಲ್ಲ.

ಮಳೆಗಾಲದಲ್ಲಿ ಮೊದಲ ದೊಡ್ಡ ನೀರು ಬಿಟ್ಟ ದಿನ ನಾನು ಯಾದಗಿರಿಯ ನನ್ನ ಬಾಡಿಗೆ ಕೋಣೆಯಲ್ಲಿದ್ದೆ. ಮಧ್ಯಾಹ್ನ ಆ ಹೆಣ್ಣುಮಗಳ ಫೋನ್ ಬಂತು.

"ಬಾಯಾರ, ನಿಮ್ಮ ಭೋಂಗಾ ಅರ್ಧಾ ಮಾತಾಡಿ ಬಾಯಿ ಮುಚ್ಕೊಂತ್ರಿ."

"ಅರ್ಧಾ ಅಂದ್ರ?"

"ನೀರು ಬಿಡಲಾಗಿದೆ ಅಂತು. ಆಮ್ಯಾಲ ಬರೇ ಗೊರ್ ಗೊರ್. ಎಷ್ಟ್ ಅನ್ನಾದೇ ಕೇಳ್ಸಲಿಲ್ಲ. ಜರಾ ಇರಬೇಕು ಅಂತ ಇವ್ರು ಹರಗೋಲ ಬಿಟ್ರು."

"ಈಗ ಎಲ್ಲದಾರ?"

"ಮನ್ಯಾಗೇ ಅದಾರ. ಹರಗೋಲ ಹೋತು, ಬಲೀಗೋಳೂ ಹೋದವು. ಕೆಳಗಿನ ಜಾಲಿಗಿಡ ಹಿಡ್ಕೊಂಡು ಉಳದಾರ. ಮೈಯೆಲ್ಲಾ ಮುಳ್ಳು. ಒಂದೊಂದೇ ತಗ್ಯಾಕತ್ತೀನಿ."

ಬಯ್ದಿದ್ದರೆ ಹಗುರಾಗುತ್ತಿತ್ತು. ಅವಳು ಬಯ್ಯಲಿಲ್ಲ, ಸರಿ ಮಾಡುವುದು ನನ್ನ ಕೆಲಸ ಎಂದು ನಂಬಿ ಫೋನ್ ಇಟ್ಟಳು.

ಮರುದಿನವೇ ಗುಡ್ಡಕ್ಕೆ ಹೊರಟೆ. ಜೊತೆಗೆ ಶಹಾಪುರದಿಂದ ರಿಗ್ಗರ್ ಬಂದರು. ಕಂಬ ಹತ್ತಿ ಆಂಟೆನಾ ಬಿಗಿಯುವ ಕೆಲಸದಲ್ಲಿ ತಲೆ ನೆರೆದವರು, ನಾನು ಕಾಕಾ ಎಂದೇ ಕರೆಯುತ್ತಿದ್ದೆ. ಅವರಿಗೆ ಎಲ್ಲ ಕೇಡಿಗೂ ಒಂದೇ ಕಾರಣ, ಮಂಗ.

"ಮಂಗ್ಯಾ ಕೇಬಲ್ ಕಡದಿರಬೇಕ್ರಿ ಮೇಡಮ್ಮಾರ."

"ನೋಡ್ರಿ ಹಂಗಾದ್ರ, ಹಲ್ಲಿನ ಗುರ್ತ ಎಲ್ಲ್ಯದ ತೋರಸ್ರಿ."

ಹಲ್ಲಿನ ಗುರುತು ಸಿಗಲಿಲ್ಲ. ಒಂದು ಕನೆಕ್ಟರ್ ಒಳಗೆ ನೀರಿನ ಪಸೆ ಸಿಕ್ಕಿತು. ಅದೇ ಇರಬೇಕೆಂದು ಖುಷಿಯಾಗಿ ಕೇಬಲ್ ಬದಲಿಸಿ, ಟೇಪು ಸುತ್ತಿ, ಮೇಣ ಹಚ್ಚಿದೆವು. ಕೂಗಿಸಿ ನೋಡಿದರೆ ಮಾತು ಗಂಟೆ ಹೊಡೆದಂತೆ ಸ್ಪಷ್ಟ. ಆದರೆ ಕೇಬಲ್ ಬದಲಿಸುವ ಮೊದಲೂ ಅದು ಅಷ್ಟೇ ಸ್ಪಷ್ಟವಾಗಿತ್ತು. ನನಗೆ ಸಮಾಧಾನವಾಗಲಿಲ್ಲ. ಬ್ಯಾಟರಿ ಬದಲಿಸಿದೆವು, ಅರ್ಥಿಂಗ್ ಮತ್ತೆ ಹಾಕಿದೆವು, ಗಡ್ಡಿಯ ಕಡೆಯ ರೇಡಿಯೋವನ್ನೇ ಬಿಚ್ಚಿ ಬೇರೆಯದನ್ನು ಕೂರಿಸಿದೆವು. ದವಾಖಾನೆಯ ಬಾಗಿಲಿಗೆ ಬಂದ ಕೂಡಲೇ ಜ್ವರ ಬಿಟ್ಟ ರೋಗಿಯ ಹಾಗೆ, ನಾವು ಹೋದಾಗಲೆಲ್ಲ ಲಿಂಕ್ ಗಟ್ಟಿಯಾಗಿರುತ್ತಿತ್ತು. ಸಂಜೆಯ ಬಸ್ಸಿನಲ್ಲಿ ಶಹಾಪುರ ದಾಟಿ ಯಾದಗಿರಿಗೆ ಮರಳುವಾಗ ಕಿಟಕಿಯ ಹೊರಗೆ ಭತ್ತದ ಗದ್ದೆಗಳಲ್ಲಿ ನೀರು ನಿಂತಿರುತ್ತಿತ್ತು.

ಎರಡನೇ ಸಲ ನೀರು ಬಿಟ್ಟಾಗ ಮತ್ತೆ ಅದೇ ಗೊರ್ ಗೊರ್. ಆ ಸಲ ಅವಳ ಗಂಡ ಹೊಳೆಗೆ ಇಳಿಯಲಿಲ್ಲ, ಇಳಿಯಲು ಹರಗೋಲೇ ಇರಲಿಲ್ಲ. ಹೊಸದನ್ನು ಕಟ್ಟಿಸುತ್ತಿದ್ದಾನೆ ಎಂದು ಗೊತ್ತಾಯಿತು. ಅಂದರೆ ನನ್ನ ಕೈಯಲ್ಲಿದ್ದ ಸಮಯ ಆ ಹರಗೋಲು ತಯಾರಾಗುವವರೆಗೆ ಮಾತ್ರ.

ಮೂರನೇ ಸಲ ನೀರು ಬಿಡುವ ಸುದ್ದಿ ಮೊದಲೇ ಸಿಕ್ಕಿತು. ಬೆಳಿಗ್ಗೆಯೇ ಗುಡ್ಡ ಹತ್ತಿ, ತಾಡಪತ್ರಿ ಕೆಳಗೆ ಲ್ಯಾಪ್‌ಟಾಪ್ ಹಿಡಿದು ಕುಳಿತೆ. ತೆರೆಯ ಮೇಲೆ ಸಿಗ್ನಲ್ಲಿನ ಗೆರೆ ಸಪಾಟಾಗಿ, ಆರೋಗ್ಯವಾಗಿ ಓಡುತ್ತಿತ್ತು. ಕೆಳಗೆ ನದಿ ಏರುತ್ತಿತ್ತು, ಮಾತು ತುಂಡಾಗುತ್ತಿತ್ತು, ಗೆರೆಗೆ ಮಾತ್ರ ಏನೂ ಆಗಿರಲಿಲ್ಲ. ಆಗ ತಲೆಗೆ ಹೊಳೆಯಿತು. ನಾನು ನೋಡುತ್ತಿದ್ದದ್ದು ಸರಾಸರಿಯ ಗೆರೆ. ಅದನ್ನು ತೆಗೆದು ಕ್ಷಣಕ್ಷಣದ ಲೆಕ್ಕ ಹಾಕಿಸಿದೆ. ಸಪಾಟು ಗೆರೆ ಗರಗಸವಾಯಿತು. ಸಿಗ್ನಲ್ ಕ್ಷಣದಲ್ಲಿ ಏರುತ್ತಿತ್ತು, ಮರುಕ್ಷಣ ಇಲ್ಲವಾಗುತ್ತಿತ್ತು. ಸರಾಸರಿಯನ್ನು ನಂಬಿ ಅಷ್ಟು ದಿನ ಕೇಬಲ್ಲಿಗೆ ಮೇಣ ಹಚ್ಚಿದ್ದು ನೆನೆದು ಮೈಯೆಲ್ಲ ಉರಿಯಿತು.

ಆಗುತ್ತಿದ್ದದ್ದು ಇದು. ಗುಡ್ಡದಿಂದ ಗಡ್ಡಿಗೆ ಸಿಗ್ನಲ್ ಎರಡು ದಾರಿಯಲ್ಲಿ ಹೋಗುತ್ತದೆ. ಒಂದು ನೇರ, ಇನ್ನೊಂದು ನೀರಿನ ಮೇಲೆ ಬಡಿದು ಪುಟಿದು. ಬೇಸಿಗೆಯಲ್ಲಿ ಮರಳು, ಬಂಡೆ, ಪುಟಿಯುವುದು ಕಡಿಮೆ. ನೀರು ತುಂಬಿ ಸುಮ್ಮನೆ ನಿಂತಾಗ ಪುಟಿದದ್ದೂ ಒಂದೇ ಸಮನಾಗಿ ಬರುತ್ತದೆ, ಆಂಟೆನಾ ಅದಕ್ಕೆ ಹೊಂದಿಕೊಳ್ಳುತ್ತದೆ. ನೀರು ಏರುತ್ತ ಹೊಯ್ದಾಡುವಾಗ ಮಾತ್ರ ಎರಡೂ ದಾರಿಯವು ಒಮ್ಮೆ ಕೂಡಿ ಜೋರಾಗುತ್ತವೆ, ಒಮ್ಮೆ ಒಂದನ್ನೊಂದು ಅಳಿಸಿಹಾಕುತ್ತವೆ. ನಮ್ಮ ಜಾಣ ಆಂಟೆನಾ ಜೋರು ಕಂಡಲ್ಲಿ ಮುಖ ಹಾಕುತ್ತ, ನೀರಿನ ಹೊಳಪನ್ನು ಬೆನ್ನಟ್ಟುತ್ತಿತ್ತು. ದಾರಿ ಚೆನ್ನಾಗಿದೆ ಎಂಬ ವರದಿ ಗಡ್ಡಿಯಿಂದ ಗುಡ್ಡಕ್ಕೆ ಮುಟ್ಟುವಷ್ಟರಲ್ಲಿ ದಾರಿ ಕೆಟ್ಟಿರುತ್ತಿತ್ತು. ಹಳೆಯ ವರದಿ ನಂಬಿ ರೇಡಿಯೋ ವೇಗವಾಗಿ ಕಳಿಸುತ್ತಿತ್ತು, ಕಳಿಸಿದ್ದು ನೀರುಪಾಲಾಗುತ್ತಿತ್ತು. ನದಿ ಏರುವ ಹೊತ್ತಿನಲ್ಲೇ, ಅಂದರೆ ಬೇಕಾದ ಹೊತ್ತಿನಲ್ಲೇ, ಕೈಕೊಡುವ ಯಂತ್ರವನ್ನು ನಾವು ನೆಟ್ಟಿದ್ದೆವು.

ಉಪಾಯ ಒಂದೇ ಕಂಡಿತು. ಆಂಟೆನಾದ ಕಿರಣವನ್ನು ನೀರಿನಿಂದ ಸ್ವಲ್ಪ ಮೇಲಕ್ಕೆತ್ತಿ ಅಲ್ಲೇ ಬೀಗ ಹಾಕಬೇಕು. ನೇರ ಸಿಗ್ನಲ್ ತುಸು ಸೊರಗುತ್ತದೆ, ಆದರೆ ನೀರಿಗೆ ಬಡಿಯುವುದು ಬಹುಪಾಲು ನಿಲ್ಲುತ್ತದೆ. ವೇಗವನ್ನೂ ಎಲ್ಲಕ್ಕಿಂತ ಕೆಳಗಿನ ಮೆಟ್ಟಿಲಿಗೆ ಇಳಿಸಿ ಕಟ್ಟಿಹಾಕಬೇಕು. ಅದೇ ಸಂಜೆ ಮುಖ್ಯಸ್ಥರಿಗೆ ಫೋನ್ ಮಾಡಿದೆ.

"ನೋಡಿ, ನಾವು ಮಾರಿದ್ದೇ ತಾನಾಗಿ ಹೊಂದಿಕೊಳ್ಳುವ ಆಂಟೆನಾ ಅಂತ," ಎಂದರು. "ನೀವು ಅದರ ಕತ್ತು ಹಿಡಿದು ನಿಲ್ಲಿಸ್ತೀನಿ ಅಂತೀರಿ."

"ಅದು ನೀರಿನ ಹಿಂದ ಬಿದ್ದದ ಸರ್. ಇಲ್ಲಿ ಜಾಣತನ ಬ್ಯಾಡ, ಹಟ ಬೇಕು."

"ಅಷ್ಟು ಕಡಿಮೆ ವೇಗದಲ್ಲಿ ಮಾತು ಹೋಗುತ್ತಾ?"

"ಇಲ್ರಿ. ಮಾತು ಹೋಗಂಗಿಲ್ಲ. ಕೂಗು ಅಷ್ಟೇ."

ಮಾತು ಹೋದರೆ ಎಷ್ಟು ನೀರು ಎಂಬುದೂ ಹೋಗುತ್ತದೆ, ಅದು ನನಗೇ ಎಲ್ಲರಿಗಿಂತ ಹೆಚ್ಚು ಗೊತ್ತಿತ್ತು. ಮುರಿದ ಮಾತಿಗಿಂತ ಇಡಿಯಾದ ಕೂಗು ಮೇಲು ಎಂದು ನಾನು ಹಟ ಹಿಡಿದೆ. ನಿಮ್ಮ ಜವಾಬ್ದಾರಿ ಎಂದು ಹೇಳಿ ಒಪ್ಪಿದರು.

ಬೀಗ ಹಾಕಿದ ಮೇಲೆ ಕೂಗಿಗೆ ಒಂದು ಲೆಕ್ಕ ಕಟ್ಟಿದೆ. ಒಂದು ಕೂಗು ಎಂದರೆ ಸ್ವಲ್ಪ ನೀರು, ಎರಡು ಎಂದರೆ ಹೊಳೆಗೆ ಇಳಿಯಬೇಡಿ, ಮೂರು ಎಂದರೆ ಎಲ್ಲ ಬಿಟ್ಟು ದಿಬ್ಬ ಹತ್ತಿ. ಕೂಗು ಖರೇ ಆಯಿತೋ ಇಲ್ಲವೋ ಎಂದು ಕೇಳಿಸಿಕೊಂಡು ಗುಡ್ಡಕ್ಕೆ ತಿಳಿಸುವ ಸಣ್ಣದೊಂದು ಮೈಕನ್ನು ಕಂಬಕ್ಕೆ ಕೂರಿಸಿದೆ. ಆಮೇಲೆ ಆ ಹೆಣ್ಣುಮಗಳ ಜೊತೆ ಗಡ್ಡಿಯ ಮನೆಮನೆಗೆ ಹೋಗಿ ಲೆಕ್ಕ ಬಾಯಿಪಾಠ ಮಾಡಿಸಿದೆ. ಅವಳ ಗಂಡ ಅಂಗಳದಲ್ಲಿ ಹೊಸ ಹರಗೋಲಿನ ತಳಕ್ಕೆ ಡಾಂಬರು ಬಳಿಯುತ್ತಿದ್ದ. ಪಕ್ಕದಲ್ಲಿ ಹೊಸ ಬಲೆ ಇನ್ನೂ ಗಂಟು ಬಿಚ್ಚದೆ ಬಿದ್ದಿತ್ತು.

"ಒಂದ್ ಕೂಗಿದ್ರ ಮೀನಿಗೆ, ಮೂರ್ ಕೂಗಿದ್ರ ಹೆಂಡ್ತಿಗೆ. ಅಷ್ಟೇ ಅಲ್ಲೇನ್ರಿ ಅಕ್ಕಾರ?" ಎಂದು ನಕ್ಕ.

"ಅಷ್ಟೇ. ಮೂರ್ ಕೂಗಿದ್ರ ಹಿಂದ ಮುಂದ ನೋಡಬ್ಯಾಡ್ರಿ."

"ಬಲೀ ನೀರಾಗ ಇದ್ರ?"

"ಬಿಟ್ಟು ಬರ್ರಿ."

ಅವನು ಬಲೆಯ ಕಡೆ ನೋಡಿದ. ಹೆಂಡತಿ, "ಕೇಳಿದ್ರೇನು ಬಾಯಾರ ಹೇಳಿದ್ದು?" ಎಂದಳು. ಅವನು ಡಾಂಬರಿನ ಕೈಯೆತ್ತಿ ನಮಸ್ಕಾರ ಮಾಡಿದ, ಹೂಂ ಅನ್ನಲಿಲ್ಲ.

ಸ್ವಲ್ಪ ದಿನಕ್ಕೆ ಸಣ್ಣ ನೀರು ಬಿಟ್ಟರು. ನದಿ ಏರಿತು, ಹೊಯ್ದಾಡಿತು. ಭೋಂಗಾ ಒಂದೇ ಸಲ, ಉದ್ದಕ್ಕೆ ಕೂಗಿತು. ಹರಗೋಲುಗಳು ಹೊಳೆಗೆ ಇಳಿದವು, ಮೀನು ತುಂಬಿಕೊಂಡು ಬಂದವು. ಆ ಹೆಣ್ಣುಮಗಳು ಫೋನ್ ಮಾಡಿ, ಬಂದರೆ ಸಾರು ಮಾಡಿಟ್ಟಿರುತ್ತೇನೆ ಎಂದಳು. ನಾನು ಮೀನು ತಿನ್ನುವವಳಲ್ಲ, ಆದರೂ ಆ ಕರೆಗೆ ಹಿಗ್ಗಿದೆ.

ದೊಡ್ಡ ನೀರು ಬಿಟ್ಟ ದಿನ ನಾನೂ ಕಾಕಾನೂ ಗುಡ್ಡದ ಮೇಲಿದ್ದೆವು. ಜಿಟಿಜಿಟಿ ಮಳೆ, ಬೆಳಕೇ ಇಲ್ಲದ ಬೆಳಿಗ್ಗೆ. ಕಂಟ್ರೋಲ್ ರೂಮಿನಿಂದ ಅಪ್ಪಣೆ ಬಂತು, ಆಂಟೆನಾ ಅಲುಗದೆ ತನ್ನ ಪಾಡಿಗೆ ನಿಂತಿತ್ತು. ಮೊದಲ ಕೂಗು ಆಯಿತು, ಕೂಗು ಕೇಳಿಸಿತೆಂದು ಮೈಕು ವರದಿ ಒಪ್ಪಿಸಿತು. ಎರಡನೆಯದು ಆಯಿತು. ಮೂರನೆಯದು ಗಾಳಿಯಲ್ಲಿ ತೇಲಿ ನಮ್ಮ ಕಿವಿಗೂ ಬಿತ್ತು.

"ಈಗ ಖರೇ ಕೂಗ್ತು ನೋಡ್ರಿ ಮೇಡಮ್ಮಾರ," ಎಂದರು ಕಾಕಾ.

"ಮಂಗ್ಯಾ ಕೈ ಬಿಟ್ಟಿತೇನು ಕಾಕಾ?"

ಇಬ್ಬರೂ ತಾಡಪತ್ರಿಯ ಕೆಳಗೆ ಕುಳಿತು ಸಜ್ಜೆ ರೊಟ್ಟಿಗೆ ಶೇಂಗಾ ಹಿಂಡಿ ಹಚ್ಚಿಕೊಂಡು ತಿಂದೆವು. ಆ ರೊಟ್ಟಿಯ ರುಚಿ ಈಗಲೂ ನೆನಪಿದೆ. ಅಷ್ಟು ಸಂತೋಷ ನನಗೆ ಆ ಕೆಲಸದಲ್ಲಿ ಮೊದಲೂ ಆಗಿರಲಿಲ್ಲ, ಆಮೇಲೂ ಆಗಿಲ್ಲ.

ಸಂಜೆ ಕಂಟ್ರೋಲ್ ರೂಮಿನವರು ಹೇಳಿದರು, ಗಡ್ಡಿಯಿಂದ ಒಬ್ಬ ಕಾಣುತ್ತಿಲ್ಲವಂತೆ, ಹೊಸ ಹರಗೋಲಿನವನಂತೆ. ನಾನು ಫೋನ್ ಹಚ್ಚಿದೆ, ಅವಳ ಫೋನ್ ಬಂದ್ ಆಗಿತ್ತು. ನೀರು ಇಳಿದು ಹರಗೋಲು ಓಡಾಡುವವರೆಗೆ ಗಡ್ಡಿಗೆ ದಾರಿಯಿರಲಿಲ್ಲ. ಅಷ್ಟರಲ್ಲಿ ಅವನು ಕೆಳಗಿನ ಊರಿನ ದಂಡೆಯಲ್ಲಿ ಸಿಕ್ಕಿದ್ದ, ಮಣ್ಣೂ ಆಗಿತ್ತು. ಮೂರು ಕೂಗಿನಲ್ಲಿ ಯಾವುದು ತಪ್ಪಿತು ಎಂದು ನಾನು ಮತ್ತೆ ಮತ್ತೆ ಪರೀಕ್ಷಿಸಿದೆ. ಯಾವುದೂ ತ‍ಪ್ಪಿರಲಿಲ್ಲ. ಹಾಗಾದರೆ ಯಾಕೆ ಎಂಬ ಪ್ರಶ್ನೆ ಹೊತ್ತುಕೊಂಡೇ ಗಡ್ಡಿಯಲ್ಲಿ ಇಳಿದೆ.

ಮುದುಕಿ ಹೊಸ್ತಿಲ ಮೇಲೆ ಕುಳಿತಿದ್ದಳು. ಪಕ್ಕದ ಮನೆಗಳ ಗಂಡಸರು ಅಂಗಳದಲ್ಲಿದ್ದರು. ನಾನು ಹೋಗಿ ಅವಳ ಮುಂದೆ ಕುಳಿತೆ. ಅವಳು ನನ್ನ ಮುಖ ನೋಡಿ, ಸಿಟ್ಟಿಲ್ಲದೆ ಕೇಳಿದಳು.

"ನಿನ್ನ ಭೋಂಗಾ ಕೂಗಲಿಲ್ಲಂತಲ್ಲ ಯವ್ವಾ."

ಕೂಗಿತು ಎಂಬ ಮಾತು ನಾಲಿಗೆಯ ತುದಿಗೆ ಬಂದಿತ್ತು. ಸಾಕ್ಷಿಗೆ ಮೈಕಿನ ವರದಿ ಹೆಗಲ ಚೀಲದ ಲ್ಯಾಪ್‌ಟಾಪಿನಲ್ಲೇ ಇತ್ತು. ಇಷ್ಟೆಲ್ಲ ಹೆಣಗಿದ್ದು ಈ ಒಂದು ಮಾತು ಕೇಳಲಿಕ್ಕೇ ಎಂದು ಸಿಟ್ಟೂ ಬಂತು. ತಲೆಯೆತ್ತಿ ಅಂಗಳದವರನ್ನು ನೋಡಿದೆ. ಮೂರನೇ ಕೂಗಿಗೆ ದಿಬ್ಬ ಹತ್ತಿ ಬದುಕಿದವರು ಅವರೇ. ಒಬ್ಬರೂ ನನ್ನ ಕಣ್ಣಿಗೆ ಕಣ್ಣು ಕೊಡಲಿಲ್ಲ, ಎಲ್ಲರೂ ನೆಲ ನೋಡಿದರು. ಬಾಗಿಲ ಒಳಗೆ, ಅತ್ತೆಯ ಬೆನ್ನ ಹಿಂದೆ ಸೊಸೆ ನಿಂತಿದ್ದಳು. ನನ್ನನ್ನೇ ನೋಡುತ್ತ ಮೆಲ್ಲಗೆ ತಲೆ ಅಲ್ಲಾಡಿಸಿದಳು, ಬೇಡ ಎಂಬಂತೆ.

ಇವರೆಲ್ಲ ಕೂಡಿ ಮುದುಕಿಗೆ ಒಂದು ಮಾತು ಹೇಳಿಬಿಟ್ಟಿದ್ದಾರೆ ಎಂದು ಆಗ ತಿಳಿಯಿತು.

"ಹೌದವ್ವಾ," ಎಂದೆ. "ಕೂಗಲಿಲ್ಲ."

ಅವಳಿಗೆ ಕೇಳಿಸಲಿಲ್ಲ. "ಆಂ?" ಎಂದು ಕಿವಿ ಮುಂದೆ ಮಾಡಿದಳು. ಮತ್ತೆ ಹೇಳಿದೆ, ಆಗಲೂ ಕೇಳಿಸಲಿಲ್ಲ. ಮೂರನೇ ಸಲ ಅವಳ ಕಿವಿಗೆ ಬಾಯಿ ಹಚ್ಚಿ, ಒಂದೊಂದೇ ಅಕ್ಷರ ಬಿಡಿಸಿ, ಇಡೀ ಗಡ್ಡಿಗೆ ಕೇಳುವಂತೆ ಕೂಗಿದೆ. "ಭೋಂಗಾ ಕೂಗಲಿಲ್ಲವ್ವಾ. ಕೆಟ್ಟಿತ್ತು."

"ಅದಕ್ಕೇ," ಎಂದಳು. "ಕೇಳಿದ್ರ ನನ್ನ ಮಗಾ ಹೋಗ್ತಿದ್ದಿಲ್ಲ. ಸರಿ ಮಾಡವ್ವಾ. ಮತ್ತೊಬ್ಬರ ಮಗಾ ಹೋಗಬಾರದು."

ಕೀಲಿ ತೆಗೆದುಕೊಂಡು ಅವಳ ಸೊಸೆ ನನ್ನ ಜೊತೆ ಕಂಬದವರೆಗೆ ಬಂದಳು. ಮಾತು ತಾನಾಗಿಯೇ ಶುರು ಮಾಡಿದಳು.

"ಮೂರೂ ಕೇಳಿದ್ವಿರೀ ಬಾಯಾರ. ಬಲೀ ನಸುಕಿನ್ಯಾಗೇ ನೀರಿಗೆ ಬಿಟ್ಟು ಬಂದಿದ್ರು. ಹೊಸಾ ಬಲೀ, ಅದೊಂದ್ ಎತ್ಕೊಂಡು ಬಂದ್ಬಿಡ್ತೀನಿ, ನೀರ ಬರಾಕ ಇನ್ನಾ ಹೊತ್ತದ ಅಂದ್ರು. ನಾನೂ ಹೂಂ ಅಂದೆ."

ನಾನು ಕೀಲಿಗಾಗಿ ಕೈ ಚಾಚಿದೆ.

"ಅದು ಅತ್ತಿಗೆ ತಿಳೀಬಾರದ್ರಿ. ನಾವಿಬ್ರೇ ಉಳದೀವಿ ಮನ್ಯಾಗ." ಹಿಂದೆ ತಿರುಗಿ ಹೊಸ್ತಿಲ ಕಡೆ ನೋಡಿದಳು. "ನೋಡಾಕತ್ತಾರ. ಜರಾ ರಿಪೇರಿ ಮಾಡಿದಂಗ ಮಾಡ್ರಿ."

ಪೆಟ್ಟಿಗೆ ತೆರೆದೆ. ಒಳಗೆ ಕೆಟ್ಟದ್ದು ಏನೂ ಇರಲಿಲ್ಲ, ಹಸಿರು ದೀಪ ಉರಿಯುತ್ತಿತ್ತು. ಅದು ಹೊಸ್ತಿಲಿಗೆ ಕಾಣದಂತೆ ಬೆನ್ನು ಅಡ್ಡ ಮಾಡಿ ನಿಂತು, ಸ್ಕ್ರೂಗಳನ್ನು ಒಂದೊಂದಾಗಿ ಬಿಚ್ಚಿದೆ, ಮತ್ತೆ ಒಂದೊಂದಾಗಿ ಬಿಗಿದೆ. ಒಂದು ರಿಪೇರಿಗೆ ಎಷ್ಟು ಹೊತ್ತು ಬೇಕೋ ಅಷ್ಟು ಹೊತ್ತು ಅಲ್ಲೇ ಇದ್ದೆ.